ಎಣ್ಣೆಯ ಮುಂದಿನ ಕೈ

ನಾನು ಮದುವೆಯಾಗಿ ಬೆಟಗೇರಿಗೆ ಬಂದು ಎರಡು ವರ್ಷಕ್ಕೆ ಅತ್ತೆಯ ಮೊಣಕಾಲು ಹಿಡಿದುಕೊಂಡವು. ಅದರ ಮುಂದಿನ ಭಾನುವಾರವೇ ಅವರು ಜಾಲರಿ ಸೌಟನ್ನು ನನ್ನ ಕೈಗೆ ಕೊಟ್ಟರು. ಬೇರೆ ಮನೆಗಳಲ್ಲಿ ಬೀಗದ ಕೈ ಕೊಡುತ್ತಾರಂತೆ. ನನಗೆ ಸಿಕ್ಕಿದ್ದು ಸೌಟು. ಅವತ್ತಿನಿಂದ ಹನ್ನೆರಡು ವರ್ಷ, ಪ್ರತಿ ಭಾನುವಾರ ಸಂಜೆ ಐದಕ್ಕೆ ನಾನು ಬಾಣಲೆಯ ಮುಂದೆ ನಿಂತಿದ್ದೇನೆ.

ನಮ್ಮ ಕಡೆ ಸಂಜೆಗೆ ಮಿರ್ಚಿ ಬಜ್ಜಿ, ಮಂಡಕ್ಕಿಯ ಗಿರ್ಮಿಟ್ ಮಾಡುವುದು ದೊಡ್ಡ ಸಂಗತಿಯಲ್ಲ. ಆದರೆ ನಮ್ಮ ಮನೆಯಲ್ಲಿ ಅದಕ್ಕೊಂದು ಕಟ್ಟಳೆ ಇತ್ತು. ಎಣ್ಣೆಯ ಮುಂದೆ ನಿಂತ ಕೈ ಬದಲಾಗಬಾರದು. ಯಾರು ಮೊದಲ ಮಿರ್ಚಿ ಬಿಡುತ್ತಾರೋ ಅವರೇ ಹಿಟ್ಟು ಮುಗಿಯುವ ತನಕ ನಿಲ್ಲಬೇಕು. ನಡುವೆ ಬೇರೆಯವರು ಸೌಟು ಹಿಡಿದರೆ ಬಜ್ಜಿ ಎಣ್ಣೆ ಕುಡಿಯುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ಮನೆಯವರೆಲ್ಲ ಅದನ್ನು ಎಷ್ಟು ನಂಬಿದ್ದರೆಂದರೆ, ತೊಟ್ಟಿಲಲ್ಲಿ ನನ್ನ ಮಗಳು ಅತ್ತು ಅತ್ತು ಕೆಂಪಾದಾಗಲೂ ಅವಳನ್ನು ಎತ್ತಿಕೊಂಡು ಅಂಗಳದಲ್ಲಿ ತಿರುಗಾಡಿಸಿದರೇ ಹೊರತು ಸೌಟು ಹಿಡಿಯಲು ಯಾರೂ ಬರಲಿಲ್ಲ. ನಾನೂ ಬಿಡಲಿಲ್ಲ. ಎದೆಯಲ್ಲಿ ಹಾಲು ಸೋರಿ ಕುಪ್ಪಸ ತೊಯ್ದರೂ ನಿಂತೇ ಇದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಇನ್ನೊಂದು ಮಾತು. ಕರಿಯುವವಳು ಬಿಸಿಯದನ್ನು ತಿನ್ನುವಂತಿಲ್ಲ. ಹಾಗೆಂದು ಯಾರೂ ನಿಷೇಧ ಹಾಕಿರಲಿಲ್ಲ. ಒಂದು ಒಬ್ಬೆ ತೆಗೆಯುವಷ್ಟರಲ್ಲಿ ತಟ್ಟೆ ಪಡಸಾಲೆಗೆ ಹೋಗಿಬಿಡುತ್ತಿತ್ತು, ಖಾಲಿ ತಟ್ಟೆ ಮರಳಿ ಬರುತ್ತಿತ್ತು. ಎಲ್ಲ ಮುಗಿದ ಮೇಲೆ ತಳದಲ್ಲಿ ಉಳಿದ ತಣ್ಣನೆಯ ಎರಡು ನನ್ನವು. ಹೊಟ್ಟೆಯೂ ಅಷ್ಟರಲ್ಲಿ ಎಣ್ಣೆಯ ವಾಸನೆಯಿಂದಲೇ ತುಂಬಿರುತ್ತಿತ್ತು.

ಹನ್ನೆರಡನೆಯ ವರ್ಷದ ಚಳಿಗಾಲದಲ್ಲಿ ನಮ್ಮ ಮನೆಗೆ ಜುಕಿನಿ ಎಂಬ ಹೊಸ ತರಕಾರಿ ಬಂತು. ನಮ್ಮ ಮನೆಯವರದು ಅಡತಿ ಅಂಗಡಿ, ರೈತರ ಮಾಲು ಮಾರಿಸಿಕೊಡುವ ವ್ಯಾಪಾರ. ಅಲ್ಲಿಗೆ ಶೇಂಗಾ ತರುವ ಮುಂಡರಗಿ ಕಡೆಯ ರೈತರೊಬ್ಬರು ಹೊಸದಾಗಿ ಅದನ್ನು ಬೆಳೆದಿದ್ದರು. ಹುಬ್ಬಳ್ಳಿಯ ಹೊಟೇಲಿನವರು ಒಯ್ಯುತ್ತಾರೆ, ಊರಲ್ಲಿ ಯಾರೂ ಮೂಸುವುದಿಲ್ಲ, ನೀವಾದರೂ ತಿಂದು ನೋಡಿ ಎಂದು ಅರ್ಧ ಚೀಲ ಮನೆಗೆ ಇಳಿಸಿ ಹೋದರು. ಕಡು ಹಸಿರು, ನುಣ್ಣನೆ ಮೈ. ಅತ್ತೆ ಒಂದನ್ನು ಎತ್ತಿ ಹಿಡಿದು ನೋಡಿ, ಇದು ಸೌತೆಕಾಯಿಯೂ ಅಲ್ಲ ಹೀರೇಕಾಯಿಯೂ ಅಲ್ಲ, ಎರಡೂ ಕೂಡಿ ಹುಟ್ಟಿದ್ದು ಎಂದು ತೀರ್ಪು ಕೊಟ್ಟರು.

ಜುಕಿನಿ ಬಂದ ಬುಧವಾರವೇ ಬೆಳಿಗ್ಗೆ ನನಗೊಂದು ಫೋನ್ ಬಂದಿತ್ತು. ಮದುವೆಗೆ ಮೊದಲು ತವರೂರು ಶಿರಹಟ್ಟಿಯಲ್ಲಿ ನಾನು ಎರಡು ವರ್ಷ ಶಾಲೆಯಲ್ಲಿ ಕಲಿಸಿದ್ದೆ. ಆಗ ನನ್ನ ಜೊತೆಗಿದ್ದ ಶಿಕ್ಷಕಿ, ಎಲ್ಲರ ಬಾಯಲ್ಲೂ ಅಕ್ಕೋರು, ಈಗ ಮಲ್ಲಸಮುದ್ರದ ಒಂದು ಸಣ್ಣ ಶಾಲೆಗೆ ಮುಖ್ಯಸ್ಥರಾಗಿದ್ದರು. ಕನ್ನಡ ಕಲಿಸುವವರು ನಡುವರ್ಷದಲ್ಲೇ ಬಿಟ್ಟು ಹೋಗುತ್ತಿದ್ದಾರೆ, ಸೋಮವಾರದಿಂದ ನೀವು ಬರುತ್ತೀರಾ ಎಂದು ಕೇಳಿದರು. ಇನ್ನೊಬ್ಬಳು ಹುಡುಗಿ ಕೇಳಿಕೊಂಡು ಹೋಗಿದ್ದಾಳೆ, ಆದರೂ ನಿಮಗೆ ಮೊದಲು ಹೇಳುತ್ತಿದ್ದೇನೆ, ಭಾನುವಾರ ಸಂಜೆ ಆರಕ್ಕೆ ಫೋನ್ ಮಾಡುತ್ತೇನೆ, ಆಗ ಹೂಂ ಅಥವಾ ಇಲ್ಲ ಎಂದುಬಿಡಿ ಎಂದರು.

ಮಲ್ಲಸಮುದ್ರ ನಮ್ಮಿಂದ ಎಷ್ಟು ದೂರ? ಬಸ್ಸಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಬರುತ್ತದೆ. ಆದರೆ ಆ ಫೋನ್ ಇಟ್ಟ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಪೆಟ್ಟಿಗೆಯ ತಳ ಸೇರಿದ್ದ ಸರ್ಟಿಫಿಕೇಟುಗಳನ್ನು ತೆಗೆದು, ಗೆದ್ದಲು ಹಿಡಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೆ ಅಲ್ಲೇ ಇಟ್ಟೆ. ಆ ಕೆಲಸ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಬಾಯಿ ಬಿಟ್ಟು ಕೇಳಲು ಹೆದರಿಕೆಯಾಗುವಷ್ಟು.

ಹೆದರಿಕೆಯಾದಾಗ ನಾನು ಅಡುಗೆ ಮಾಡುತ್ತೇನೆ. ಅವತ್ತು ಮಧ್ಯಾಹ್ನವೇ ಜುಕಿನಿ ಕತ್ತರಿಸಿ ಕೂತೆ. ಬಜ್ಜಿ ಎಂದರೆ ನಮಗೆ ಗೊತ್ತಿರುವುದು ಒಂದೇ ದಾರಿ. ಹಸಿಮೆಣಸಿನಕಾಯಿಯ ಹೊಟ್ಟೆ ಸೀಳಿ, ಕುಟ್ಟಿದ ಉಪ್ಪು ಜೀರಿಗೆ ತುಂಬಿ, ತಾಸುಗಟ್ಟಲೆ ಬಿಟ್ಟು, ದಪ್ಪ ಕಡಲೆಹಿಟ್ಟಿನಲ್ಲಿ ಅದ್ದುವುದು. ನಾನು ಜುಕಿನಿಗೂ ಅದೇ ಮಾಡಿದೆ. ಉದ್ದಕ್ಕೆ ಸೀಳಿ, ಉಪ್ಪು ಜೀರಿಗೆ ತುಂಬಿ, ಮುಚ್ಚಿಟ್ಟು ಪಾತ್ರೆ ತೊಳೆಯಲು ಹೋದೆ. ಬಂದು ನೋಡಿದರೆ ತಟ್ಟೆಯ ತುಂಬ ನೀರು, ಹೋಳುಗಳು ಜ್ವರ ಬಂದವರ ಹಾಗೆ ಮಲಗಿವೆ. ಹಟ ಬಿಡದೆ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟೆ. ಹಿಟ್ಟು ಒಂದು ಕಡೆ, ಕಾಯಿ ಇನ್ನೊಂದು ಕಡೆ, ಎಣ್ಣೆ ಚಟಪಟ ಸಿಡಿದು ಮೊಳಕೈವರೆಗೂ ಬೊಬ್ಬೆ. ಅತ್ತೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಮೆಣಸಿನಕಾಯಿಯ ಉಡುಪನ್ನು ಸೌತೆಕಾಯಿಗೆ ತೊಡಿಸಿದೆಯಲ್ಲ ಎಂದರು.

ಗುರುವಾರ ನಾನು ಅದರ ಜಾಡು ಹಿಡಿದೆ. ಬೆರಳುದ್ದ ಸೀಳಿ, ನಡುವಿನ ಬೀಜದ ತಿರುಳು ತೆಗೆದು, ಉಪ್ಪು ಸವರಿ ಬಿಟ್ಟೆ. ನೀರು ಬಿಡುತ್ತದೆಯೇ, ಬಿಡಲಿ. ಆ ಮೇಲೆ ಹಳೆಯ ಧೋತರದ ಬಟ್ಟೆಯಲ್ಲಿ ಕಟ್ಟಿ ಮೇಲೆ ಕಲ್ಲು ಹೇರಿಟ್ಟೆ. ಕಡಲೆಹಿಟ್ಟು ಕಡಿಮೆ, ಜೋಳದ ಹಿಟ್ಟು ಹೆಚ್ಚು, ಒಂದು ಮುಷ್ಟಿ ಅಕ್ಕಿಹಿಟ್ಟು, ಅಜವಾನ, ಕೆಂಪು ಖಾರ, ಗಡಿಗೆಯ ತಣ್ಣೀರು. ಸೋಡಾ ಮುಟ್ಟಲಿಲ್ಲ. ತೆಳ್ಳಗಿನ ಹಿಟ್ಟಿನಲ್ಲಿ ಅದ್ದಿ, ಸಣ್ಣ ರವೆಯಲ್ಲಿ ಹೊರಳಿಸಿ ಬಿಟ್ಟೆ. ಹೊರಗೆ ತೆಗೆದು ತಟ್ಟೆಗೆ ಹಾಕಿದಾಗ ಖಣ್ ಎಂದು ಸದ್ದಾಯಿತು. ಗಂಡ ಒಂದನ್ನು ಕಚ್ಚಿ ಕಣ್ಣರಳಿಸಿದರು. ಎಲ್ಲ ಸರಿ, ದೋಷ ಒಂದೇ. ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಗರಿಗರಿ ನಿಲ್ಲುವುದಿಲ್ಲ. ಕಾಯಿಯ ಒಳಗಿನ ನೀರು ಹೊರಗೆ ಬಂದು ಎಲ್ಲ ಮೆತ್ತಗಾಗುತ್ತದೆ.

ಅವರು ಹಾಗೆ ಕಣ್ಣರಳಿಸಿದ ಹೊತ್ತಿನಲ್ಲೇ ನಾನು ಮಲ್ಲಸಮುದ್ರದ ವಿಷಯ ಎತ್ತಿದೆ. ಅವರು ಅಗಿಯುತ್ತಲೇ, ನನ್ನದೇನೂ ಅಡ್ಡಿಯಿಲ್ಲ, ಅವ್ವನ ಕಿವಿಗೆ ಹಾಕು ಎಂದರು. ಅಡ್ಡಿಯಿಲ್ಲವಂತೆ. ಅವ್ವನ ಕಿವಿ ಅವರದೇ ಮನೆಯಲ್ಲಿತ್ತು, ಅವರೇ ಹಾಕಬಹುದಿತ್ತು. ಶುಕ್ರವಾರ ಅತ್ತೆಯ ಮೊಣಕಾಲು ನೋಯುತ್ತಿತ್ತು, ಕೇಳಲಿಲ್ಲ. ಶನಿವಾರ ಅವರ ಉಪವಾಸ, ಕೇಳಲಿಲ್ಲ. ಭಾನುವಾರ ಲಕ್ಷ್ಮೇಶ್ವರದಿಂದ ನಾದಿನಿ ಮತ್ತು ಅವಳ ಗಂಡ ಬರುವವರಿದ್ದರು. ಜುಕಿನಿ ತಿಂದು ಎಲ್ಲರೂ ಖುಷಿಯಾಗಿದ್ದಾಗ, ಎಲ್ಲರ ಮುಂದೆಯೇ ಕೇಳಿಬಿಡೋಣ, ಆರು ಗಂಟೆಗೆ ಫೋನ್ ಬರುವಷ್ಟರಲ್ಲಿ ಹೂಂ ಎನ್ನಿಸಿಕೊಂಡಿರೋಣ ಎಂದು ಲೆಕ್ಕ ಹಾಕಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಬಿಡಿಸಿಕೊಂಡು ಹೊರಗೆ ಬರಲಾಗದ ಒಂದೇ ಒಂದು ಜಾಗವನ್ನು ಹುಡುಕಿ ಹೋಗಿ ನಿಂತಿದ್ದೇನೆ ಎಂಬುದು ಹೊಳೆಯಲೇ ಇಲ್ಲ.

ಐದಕ್ಕೆ ಮೊದಲ ಒಬ್ಬೆ ಬಿಟ್ಟೆ. ಐದೂವರೆಗೆ ಮುಗಿಯಬೇಕಿತ್ತು. ಆದರೆ ಮಿರ್ಚಿಯಾದರೆ ಬುಟ್ಟಿಗೆ ತುಂಬಿ ಒಮ್ಮೆಗೇ ಕಳಿಸಬಹುದು. ಇದು ಎರಡು ನಿಮಿಷದ ಸರಕು. ಐದಾರು ಹೋಳು ಕರಿಯಬೇಕು, ಕೂಡಲೇ ಕಳಿಸಬೇಕು, ಮತ್ತೆ ಅದ್ದಬೇಕು. ತಟ್ಟೆ ಒಯ್ದ ಮಗಳು ತಿರುಗಿ ಬರುವಾಗ ಇನ್ನೊಂದಿಷ್ಟು ಬೇಕಂತೆ ಎಂಬ ಮಾತನ್ನೂ ತರುತ್ತಿದ್ದಳು. ನಾದಿನಿಯ ಗಂಡ ಅಲ್ಲಿಂದಲೇ ಹೊಗಳಿದರು. ಹುಬ್ಬಳ್ಳಿಯಲ್ಲೂ ಇಂಥದ್ದು ತಿಂದಿಲ್ಲ, ಇನ್ನು ಮೇಲೆ ತಿಂಗಳಿಗೊಮ್ಮೆ ಬರುವುದೇ ಸರಿ ಎಂದರು. ನಾದಿನಿ ಇನ್ನೂ ನಾಲ್ಕು ಕಾಯಿ ಕತ್ತರಿಸಿ, ಉಪ್ಪು ಸವರಿ ನೀರು ಹಿಂಡಿ, ಇದೂ ಆಗಲಿ ಎಂದು ನನ್ನ ಪಕ್ಕದಲ್ಲಿಟ್ಟು ಹೋದಳು. ನನ್ನ ಕೈಗುಣವೇ ನನ್ನ ಕಾಲಿಗೆ ಸುತ್ತಿಕೊಂಡಿತು.

ನನ್ನ ಫೋನು ಪಡಸಾಲೆಯ ಗೂಡಿನಲ್ಲಿ ಚಾರ್ಜಿಗೆ ಹಾಕಿತ್ತು. ಆರು ಬಡಿಯಿತು. ಫೋನ್ ಬಡಿದುಕೊಂಡಿತು. ಬಾಣಲೆಯಲ್ಲಿ ಆರು ಹೋಳು ಬೇಯುತ್ತಿದ್ದವು, ಎರಡೂ ಕೈ ಮಣಿಕಟ್ಟಿನವರೆಗೆ ಹಿಟ್ಟು. ತಂದುಕೊಡಿ ಎಂದು ಕೂಗಬೇಕೆಂದುಕೊಂಡೆ, ಕೂಗದೆ ಹೋಳುಗಳನ್ನು ಮಗುಚಿದೆ. ಅತ್ತೆ ಫೋನ್ ಎತ್ತಿದ್ದು ಕೇಳಿಸಿತು. ಟೀವಿಯ ಗದ್ದಲದಲ್ಲಿ ಮೊದಲ ಮಾತು ಮಾತ್ರ ತಿಳಿಯಿತು, ಆಕಿ ಎಣ್ಣಿ ಮುಂದ ಅದಾಳ್ರಿ ಎಂದರು. ಆ ಮೇಲೆ ಬರೀ ಹೂಂ, ಹೂಂ. ಆ ಮೇಲೆ ಏನೂ ಇಲ್ಲ.

ಅಡುಗೆಮನೆಯಿಂದ ಪಡಸಾಲೆಗೆ ಎಂಟು ಹೆಜ್ಜೆ. ಆ ಎಂಟು ಹೆಜ್ಜೆ ನನ್ನಿಂದಾಗಲಿಲ್ಲ. ಅದ್ದುವುದು, ಹೊರಳಿಸುವುದು, ಬಿಡುವುದು, ತೆಗೆಯುವುದು. ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಪಡಸಾಲೆಯಲ್ಲಿ ನಗು ನಡೆದಿತ್ತು. ಆ ನಗುವಿನ ಮೇಲೆ, ಅಡ್ಡಿಯಿಲ್ಲ ಎಂದ ಗಂಡನ ಮೇಲೆ, ಹೂಂ ಹೂಂ ಎಂದ ಅತ್ತೆಯ ಮೇಲೆ, ಆ ಹಸಿರು ಕಾಯಿಯ ಮೇಲೆ, ಎಲ್ಲದರ ಮೇಲೂ ನನಗೆ ರೋಷ ಉಕ್ಕುತ್ತಿತ್ತು. ಆದರೂ ಕೈ ತನ್ನ ಪಾಡಿಗೆ ಕರಿಯುತ್ತಲೇ ಇತ್ತು. ಒಂದು ಹೋಳೂ ಸೀಯಲಿಲ್ಲ.

ಅತ್ತೆ ಒಳಗೆ ಬಂದಾಗ ಗೋಡೆಯ ಗಡಿಯಾರದಲ್ಲಿ ಆರೂ ಇಪ್ಪತ್ತೈದು. ಖಾಲಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಅಲ್ಲೇ ಒರಗಿ ನಿಂತರು.

"ಮಲ್ಲಸಮುದ್ರದ ಸಾಲಿ ಅಕ್ಕೋರು ಫೋನ್ ಮಾಡಿದ್ರು. ನಾಳಿಂದ ನೀ ಬರ್ತೀಯೋ ಇಲ್ಲೋ ಅಂತ ಕೇಳಿದ್ರು."

"ನೀವೇನಂದ್ರಿ, ಅತ್ತಿ?"

"ಎಣ್ಣಿ ಮುಂದ ಅದಾಳ್ರಿ, ಮುಗಿದ ಮ್ಯಾಲ ಆಕೀನ ಮಾಡ್ತಾಳ ಅಂದೆ. ಆರೂವರಿ ತನಕಾ ನೋಡ್ತೀನಿ, ಆಮ್ಯಾಲ ಬ್ಯಾರೆ ಹುಡುಗಿಗೆ ಹೇಳ್ತೀನಿ ಅಂದ್ರು." ನನ್ನತ್ತ ತಿರುಗಿ ಕೇಳಿದರು, "ನನ್ನ ಯಾಕ ಕೇಳಲಿಲ್ಲ ನೀ?"

ಇವತ್ತು ಕೇಳಬೇಕೆಂದಿದ್ದೆ, ಎಲ್ಲರದೂ ತಿಂದಾಗಲಿ ಎಂದು ಕಾಯುತ್ತಿದ್ದೆ ಎಂದೆ. ಹೇಳುತ್ತಿದ್ದಂತೆ ನನ್ನ ಕಿವಿಗೇ ಅದು ಎಷ್ಟು ಪೆದ್ದುಪೆದ್ದಾಗಿ ಕೇಳಿಸಿತೆಂದರೆ, ಸಿಟ್ಟು ನೆತ್ತಿಗೇರಿತು. ಬಟ್ಟಲಿನಲ್ಲಿ ಇನ್ನೂ ಹತ್ತು ಹೋಳು ಉಳಿದಿದ್ದವು.

"ಈಗ ಹೆಂಗ ಹೋಗ್ಲಿರಿ? ಕೈ ಬದಲಾಗಬಾರದಲ್ಲ," ಎಂದು ಚುಚ್ಚಿದೆ.

ಅತ್ತೆ ಬಾಣಲೆಯನ್ನೇ ನೋಡುತ್ತ ನಿಂತರು. ಆ ಮೇಲೆ ಹೇಳಿದ ಮಾತನ್ನು, ಅಂಗಡಿಯಲ್ಲಿ ಏನು ತರಬೇಕೆಂದು ಹೇಳುವಷ್ಟೇ ಸಹಜವಾಗಿ ಹೇಳಿದರು.

"ಹಂಗಂತ ಯಾರೂ ಹೇಳಿಲ್ಲ, ತಂಗಿ. ನಾನ ಹುಟ್ಟಿಸಿದ್ದು. ನಿಮ್ಮ ಮಾವ ಬಂದವರ ಮುಂದೆಲ್ಲಾ ನನ್ನ ಹೊರಗ ಕರದು ಕರದು ಬೈತಿದ್ರು. ಎಣ್ಣಿ ಮುಂದ ಇದ್ದಾಗಷ್ಟ ಹೊರಗ ಕರೀತಿರಲಿಲ್ಲ."

ಮಾವನವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆ ಮನುಷ್ಯನ ಬೈಗುಳಕ್ಕೆ ಕಟ್ಟಿದ ಗೋಡೆಯೊಳಗೆ ನಾನು ಇನ್ನೂ ನಿಂತಿದ್ದೆ. ನಿಮಗೆ ಆಸರೆಯಾಗಿದ್ದ ಜಾಗ ನನಗೆ ಜೈಲಾಗಿತ್ತು ಎಂದು ಅತ್ತೆಯ ಮೇಲೆ ಹರಿಹಾಯಲು ಬಾಯಿ ತೆರೆದೆ. ಆದರೆ ಬುಧವಾರದಿಂದ ಭಾನುವಾರದವರೆಗೆ ನನಗೆ ಬೇಡ ಎಂದವರು ಯಾರು? ಯಾರೂ ಅಂದಿರಲಿಲ್ಲ. ನಾನು ಕೇಳಿರಲೇ ಇಲ್ಲ. ಕೇಳುವ ಬದಲು ನಾಲ್ಕು ದಿನ ಜುಕಿನಿಯ ನೀರು ಹಿಂಡುತ್ತ ಕೂತಿದ್ದೆ. ನಾನೂ ಎಣ್ಣೆಯ ಹಿಂದೆ ಅಡಗಿಕೊಂಡವಳೇ.

ಸೌಟನ್ನು ಕಟ್ಟೆಯ ಮೇಲಿಟ್ಟು ಹೊರಬಿದ್ದೆ. ಗೂಡಿನಿಂದ ಫೋನ್ ಕಿತ್ತುಕೊಂಡೆ. ಹಿಟ್ಟು ಮೆತ್ತಿದ ಬೆರಳಿಗೆ ಅದು ತೆರೆದುಕೊಳ್ಳಲಿಲ್ಲ. ಸೆರಗಿಗೆ ಒರೆಸಿ ಒತ್ತಿದೆ, ಮತ್ತೆ ಒರೆಸಿದೆ. ಕೊನೆಗೂ ಆ ಕಡೆ ಗಂಟೆ ಬಡಿದಾಗ ಆರೂವರೆ ದಾಟಿ ಎರಡು ನಿಮಿಷವಾಗಿತ್ತು. ಎಲ್ಲರೆದುರಿಗೆ, ನಾನು ಬರುತ್ತೇನೆ ಅಕ್ಕೋರೆ ಎಂದು ಗಟ್ಟಿಯಾಗಿ ಹೇಳಿದೆ. ಅವರು, ಈಗಷ್ಟೇ ಆ ಹುಡುಗಿಗೆ ಹೂಂ ಎಂದುಬಿಟ್ಟೆ, ನಿಮಗೆ ಮನಸ್ಸಿಲ್ಲವೇನೋ ಅಂದುಕೊಂಡೆ ಎಂದರು. ದನಿಯಲ್ಲಿ ನಿಜವಾದ ಬೇಸರವಿತ್ತು. ನಾನು ಆಯಿತೆಂದು ಹೇಳಿ ಫೋನ್ ಇಟ್ಟೆ. ಏನಾಯಿತೆಂದು ನಮ್ಮ ಮನೆಯವರು ತುಂಬಿದ ಬಾಯಲ್ಲಿ ಕೇಳಿದರು. ಅವರಿಗೆ ಉತ್ತರ ಕೊಡದೆ ಒಳಗೆ ಬಂದೆ.

ಅತ್ತೆ ಒಂದು ಕೈಯಿಂದ ಕಟ್ಟೆ ಹಿಡಿದು, ನೋಯುವ ಕಾಲನ್ನು ಸ್ವಲ್ಪ ಎತ್ತಿಕೊಂಡು, ಉಳಿದ ಹತ್ತು ಹೋಳುಗಳನ್ನು ಕರಿಯುತ್ತಿದ್ದರು. ಬಾಣಲೆಯಿಂದ ಆಗತಾನೇ ತೆಗೆದ ಒಂದನ್ನು ನನ್ನ ಅಂಗೈಗೆ ಹಾಕಿದರು.

"ತಿನ್ನು. ಬಿಸಿ ಐತಿ."

ಕೈ ಸುಡುತ್ತಿತ್ತು, ನಿಂತಲ್ಲೇ ಕಚ್ಚಿದೆ. ಹನ್ನೆರಡು ವರ್ಷದಲ್ಲಿ ಆ ಅಡುಗೆಮನೆಯಲ್ಲಿ ನಾನು ಬಿಸಿಯಾಗಿ ತಿಂದ ಮೊದಲ ತುಂಡು ಅದು. ಗರಿಗರಿಯಾಗಿತ್ತು. ಕೈ ಬದಲಾಗಿತ್ತು, ಆದರೂ ಆ ತುಂಡು ಒಂದು ಹನಿ ಎಣ್ಣೆಯನ್ನೂ ಕುಡಿದಿರಲಿಲ್ಲ.