ಪಕ್ಕದ ಮನೆಯವರು ಸಾಯುತ್ತಿದ್ದ ರೀತಿ

ಅಮೆರಿಕದ ಡಬ್ಲಿನ್ನಿನಲ್ಲಿ ನಮ್ಮ ಟೌನ್‌ಹೌಸಿಗೆ ಗೋಡೆ ಹಂಚಿಕೊಂಡ ಮನೆಯಲ್ಲಿ ಒಬ್ಬ ಮುದುಕರು ದಿನಾ ಬೆಳಿಗ್ಗೆ ಸಾಯುತ್ತಿದ್ದರು. ನಾನು ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ, ಸರಿಯಾಗಿ ಮೀಟಿಂಗು ಶುರುವಾಗುವ ಹೊತ್ತಿಗೆ, ಗೋಡೆಯಾಚೆ ಮೊದಲು ನರಳಾಟ, ಆಮೇಲೆ ಯಾರ ಮೇಲೋ ಶಾಪ, ಆಮೇಲೆ ಧೊಪ್ಪೆಂದು ಬಿದ್ದ ಸದ್ದು. ಮೊದಲ ದಿನ ನಾನು ಮೀಟಿಂಗು ಬಿಟ್ಟು ಬರಿಗಾಲಲ್ಲಿ ಓಡಿಹೋಗಿ ಅವರ ಬಾಗಿಲು ಬಡಿದೆ. ಬಿಳಿ ಕೂದಲನ್ನು ಭುಜದವರೆಗೆ ಬಿಟ್ಟಿದ್ದ, ಡ್ರೆಸ್ಸಿಂಗ್ ಗೌನು ತೊಟ್ಟ ಎತ್ತರದ ಮನುಷ್ಯ ಬಾಗಿಲು ತೆಗೆದರು. ನನ್ನ ಮುಖದ ಗಾಬರಿ ನೋಡಿ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ಹಾಗಾದರೆ ನನ್ನ ಮರಣವು ನಂಬುವಂತಿತ್ತೋ?" ಎಂದರು.

ಲಂಡನ್ನಿನಲ್ಲಿ ಜೀವಮಾನವಿಡೀ ರಂಗದ ಮೇಲೆ ಕಳೆದವರು. ಹೆಂಡತಿ ಹೋದ ಮೇಲೆ, ಇಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ಮಗಳ ಮನೆಗೆ ಬಂದಿದ್ದರು. ಬೇರೆ ಮುದುಕರು ವಾಕಿಂಗಿಗೆ ಹೋಗುವ ಹಾಗೆ ಇವರಿಗೆ ಬೆಳಗಿನ ಸಾವು ಒಂದು ಸಾಧನೆ.

ಅವರ ಇಂಗ್ಲಿಷಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಅದನ್ನು ಕನ್ನಡಕ್ಕೆ ತರಲು ಹೋದರೆ ನಮ್ಮ ಮನೆಮಾತಾಗಿ ಬರುವುದೇ ಇಲ್ಲ, ಕಿರೀಟ ಇಟ್ಟುಕೊಂಡೇ ಬರುತ್ತದೆ. ಒಂದು ದಿನ ಸಕ್ಕರೆ ಕೇಳಲು ಬಂದರು. ನನಗೆ ಕೇಳಿಸಿದ್ದು ಹೀಗೆ: "ಎಲೈ ನೆರೆಮನೆಯಾಕೆಯೇ, ನಿನ್ನ ಪಾಕಶಾಲೆಯಲ್ಲಿ ಒಂದು ಬಟ್ಟಲು ಸಕ್ಕರೆಯುಂಟೋ? ಇಲ್ಲವೆಂದು ಮಾತ್ರ ನುಡಿಯದಿರು." ಕಸದ ಡಬ್ಬಿ ಯಾವ ವಾರ ಹೊರಗಿಡಬೇಕೆಂದು ಕೇಳಿದರೂ ಯುದ್ಧ ಯಾವಾಗ ಎಂದು ಕೇಳಿದ ಹಾಗಿರುತ್ತಿತ್ತು. ಆದ್ದರಿಂದ ಇಲ್ಲಿ ಅವರು ಹಾಗೆಯೇ ಮಾತಾಡುತ್ತಾರೆ, ನನ್ನನ್ನು ದೂರಬೇಡಿ.

ಅವರು ಆಡಿದ್ದೆಲ್ಲ ರಾಜರ ನಾಟಕಗಳು. ಆದರೆ ಪಾಪ, ಒಮ್ಮೆಯೂ ರಾಜನಾಗಲಿಲ್ಲ. ರಾಜನ ಚಿಕ್ಕಪ್ಪ, ಮಂತ್ರಿ, ದೂತ, ಕೋಟೆ ಬಾಗಿಲು ಕಾಯುವವನು, ಇಂಥವೇ. ಎಲ್ಲರೂ ಇಂಟರ್ವಲ್ಲಿಗೆ ಮುಂಚೆ ಸಾಯುವವರು. ಕತ್ತಿ, ವಿಷ, ಈಟಿ, ಒಮ್ಮೆ ದೊಡ್ಡದೊಂದು ಗಂಟೆ ತಲೆ ಮೇಲೆ ಬಿದ್ದು. ಸತ್ತ ಮೇಲೆ ಹಿಂದಿನ ಕೋಣೆಯಲ್ಲಿ ಕೂತು, ಬ್ರೆಡ್ಡು ತಿನ್ನುತ್ತಾ, ಕೊನೆಯ ನಮಸ್ಕಾರಕ್ಕೆ ಕಾಯಬೇಕು. ಅದರ ಬಗ್ಗೆ ಅವರಿಗೆ ಬೇಸರವಿರಲಿಲ್ಲ. "ಸಾಯುವುದೂ ಒಂದು ವಿದ್ಯೆ" ಎನ್ನುತ್ತಿದ್ದರು. ಬೇಸರ ಇದ್ದದ್ದು ಒಂದೇ ವಿಷಯಕ್ಕೆ. ಸಾಯುವವನಿಗೆ ಬರೆದವರು ಕೊನೆಯ ಮಾತು ಬರೆದಿರುತ್ತಾರೆ. ಅದನ್ನು ಯಾವ ನಿರ್ದೇಶಕನೂ ಇವರಿಗೆ ಆಡಲು ಬಿಟ್ಟಿರಲಿಲ್ಲ. ತಾಲೀಮಿನಲ್ಲಿ ಬಿದ್ದು, ತಲೆ ಸ್ವಲ್ಪ ಎತ್ತಿ, ಮೊದಲ ಸಾಲು ಶುರು ಮಾಡುವಷ್ಟರಲ್ಲಿ ಕತ್ತಲಲ್ಲಿ ಕೂತವನೊಬ್ಬ "ಸಾಕು, ಧನ್ಯವಾದ" ಎನ್ನುತ್ತಿದ್ದ. ನಾಟಕ ಉದ್ದವಾಗುತ್ತದೆ, ಜನಕ್ಕೆ ಕೊನೆಯ ಬಸ್ಸಿದೆ, ರಾಜ ಕಾಯುತ್ತಿದ್ದಾನೆ. ನಿರ್ದೇಶಕರು ಬಂದರು, ಹೋದರು. ಎಲ್ಲರೂ ಸಾಕು ಅಂದವರೇ.

ಹೀಗಿರುವಾಗ ಗದಗಿನಿಂದ ನಮ್ಮ ಮಾವ ಬಂದಿಳಿದರು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿದ್ದವರು. ಮೈಕಿಲ್ಲದೆ ಆಚೆ ಪ್ಲಾಟ್‌ಫಾರ್ಮಿಗೆ ಕೇಳಿಸುವ ಗಂಟಲು. ನಾನು ಬೆಂಗಳೂರಿನವಳು, ಅದೂ ಬಸವನಗುಡಿ. ನಮ್ಮ ಮನೆಯಲ್ಲಿ ಸೀನುವವರೂ ಒಳಗೆ ಹೋಗಿ ಸೀನಿ ಬರುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷವಾದರೂ ಮಾವ "ಚಾ ಆತೇನವಾ" ಎಂದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಕಾಸ್ಟ್ಲಿ ಅಂಗಡಿಗಳಲ್ಲಿ, ಮಕ್ಕಳ ಸ್ಕೂಲಿನ ಮುಂದೆ, ದೇವಸ್ಥಾನದ ಪಾರ್ಕಿಂಗಿನಲ್ಲಿ ಅವರ ದನಿಗೆ ನಾನು ಎಷ್ಟು ಸಲ ನೆಲ ಬಾಯಿ ಬಿಡಬಾರದೇ ಎಂದುಕೊಂಡಿದ್ದೇನೋ.

ಮಾವ ಬಂದ ಮೊದಲ ವಾರವೇ, ನನ್ನನ್ನು ಒಂದು ಮಾತೂ ಕೇಳದೆ, ಪಕ್ಕದ ಮನೆಯವರನ್ನು ಭಾನುವಾರದ ಊಟಕ್ಕೆ ಕರೆದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೂ ರೊಟ್ಟಿ ಬಡಿದೆ. ಎಣಗಾಯಿ ಮಾಡಿದೆ. ಶೇಂಗಾ ಚಟ್ನಿ, ಮೊಸರು.

ಅಲ್ಲಿ ಆದದ್ದು ಇಷ್ಟು. ಪಕ್ಕದ ಮನೆಯವರಿಗೆ ಚಿಕ್ಕಂದಿನಲ್ಲಿ ಕಲಿಸಿದ್ದು, ಮರ್ಯಾದಸ್ಥರು ತಟ್ಟೆಯಲ್ಲಿ ಏನೂ ಬಿಡಬಾರದೆಂದು. ನಮ್ಮ ಮಾವನಿಗೆ ಕಲಿಸಿದ್ದು, ಅತಿಥಿಯ ತಟ್ಟೆ ಖಾಲಿ ಕಾಣಬಾರದೆಂದು. ಅವರು ಕಷ್ಟಪಟ್ಟು ಮುಗಿಸಿ "ಅಮೋಘವಾದ ಭೋಜನ" ಎನ್ನುತ್ತಿದ್ದರು, ಮಾವ ಮತ್ತೊಂದು ರೊಟ್ಟಿ ಹಾಕುತ್ತಿದ್ದರು. ಅವರು ಅದನ್ನೂ ಮುಗಿಸುತ್ತಿದ್ದರು. ದಾಕ್ಷಿಣ್ಯಕ್ಕೆ ಬಸಿರಾಗುವುದು ಎಂಬ ಮಾತಿದೆಯಲ್ಲ, ಅದನ್ನು ಆ ದಿನ ಕಣ್ಣಾರೆ ನೋಡಿದೆ. ಅವರ ಹಣೆಯಲ್ಲಿ ಬೆವರು ಬಂದು, ಮುಖದ ಬಣ್ಣ ಬದಲಾಗುವ ಹೊತ್ತಿಗೆ ನಾನು ಮಧ್ಯೆ ಬಾಯಿ ಹಾಕಿದೆ.

"'ಸಾಕು' ಅನ್ನಿ" ಎಂದು ಇಂಗ್ಲಿಷಿನಲ್ಲಿ ಹೇಳಿಕೊಟ್ಟೆ. ಅರ್ಥವನ್ನೂ ಹೇಳಿದೆ.

"ಸಾಕು" ಎಂದರು. ಮಾವ ಇನ್ನೊಂದು ರೊಟ್ಟಿ ಹಾಕಿದರು.

"ಬರೀ ಬಾಯಲ್ಲಿ ಅಂದ್ರ ಅದು ಸಂಕೋಚ" ಎಂದು ಮಾವ ನನಗೆ ವಿವರಿಸಿದರು. "ಕೈ ಅಡ್ಡ ಹಿಡದ್ರ ಖರೆ."

ಆಗ ಅವರಿಗೆ ಅದನ್ನೂ ಕಲಿಸಿದೆ. ಎರಡೂ ಅಂಗೈ ಚಾಚಿ, ತಟ್ಟೆಗೆ ಮುಚ್ಚಳದ ಹಾಗೆ ಅಡ್ಡ ಹಿಡಿಯಬೇಕು. ನಟರಲ್ಲವೇ, ತಕ್ಷಣ ಹಿಡಿದುಕೊಂಡರು. ಕೋಪದ ಸಾಕು, ಕರುಣೆಯ ಸಾಕು, ಮುದಿ ಸಿಂಹದ ಸಾಕು, ಎಲ್ಲ ಆಡಿ ತೋರಿಸಿದರು. ಮಾವ ಚಪ್ಪಾಳೆ ಹೊಡೆದು ರೊಟ್ಟಿ ಡಬ್ಬಿ ಮುಚ್ಚಿದರು.

"ಈ ಪದವನ್ನು ನನ್ನ ಭಾಷೆಯಲ್ಲಿ ಆಯುಷ್ಯವೆಲ್ಲ ಕೇಳಿದ್ದೇನೆ" ಎಂದರು ಪಕ್ಕದ ಮನೆಯವರು, ಮಜ್ಜಿಗೆ ಕುಡಿಯುತ್ತಾ. "ನಾನೇ ನುಡಿಯುವ ಭಾಗ್ಯ ಇಂದು ಬಂತು."

ಆಮೇಲೆ ಇಬ್ಬರಿಗೂ ದಿನಾ ಚಹಾದ ಗೆಳೆತನ. ಮಾವನದು ರೈಲ್ವೆ ಇಂಗ್ಲಿಷು, ಕ್ರಿಯಾಪದಗಳೆಲ್ಲ ವೇಳಾಪಟ್ಟಿಯ ಹಾಗೆ ಚುಟುಕು. ಆದರೂ ಒಬ್ಬರಿಗೊಬ್ಬರು ಅರ್ಥವಾಗುತ್ತಿದ್ದರು. ಮಾವನಿಗೆ ಕಂಪನಿ ನಾಟಕದ ಹುಚ್ಚು. ಊರಿಗೆ ಕಂಪನಿ ಬಂದು ಟೆಂಟು ಹಾಕಿದರೆ, ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು. ಒಂದು ಸಂಜೆ ಅವರು ಹೇಳಿದ್ದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಇಂಗ್ಲಿಷಿನಲ್ಲಿ ಸಿಕ್ಕಿಹಾಕಿಕೊಂಡು ನಡುವೆ ಕನ್ನಡಕ್ಕೆ ಬಂದುಬಿಟ್ಟರು, ನಾನು ಅನುವಾದ ಮಾಡಬೇಕಾಯಿತು.

"ನಮ್ಮಲ್ಲಿ ಹೀರೋ ಛಲೋ ಸತ್ತಾ ಅಂದ್ರ ಜನಾ 'ಒನ್ಸ್ ಮೋರ್' ಅಂತಾರ್ರಿ. ಅಂದ ಮ್ಯಾಲೆ ಮುಗೀತು, ಎದ್ದು ಮತ್ತ ಹಾಡಿ ಮತ್ತ ಸಾಯಬೇಕು. ಕೊಂದಾಂವ ಕತ್ತಿ ಹಿಡ್ಕೊಂಡು ಬಾಜೂಕ ಕಾಯ್ಕೋತ ನಿಂತಿರ್ತಿದ್ದ, ಪಾಪ."

ಪಕ್ಕದ ಮನೆಯವರು ಲೋಟ ಕೆಳಗಿಟ್ಟರು. "ಸತ್ತವನು ಏಳುವನೋ? ನಿರ್ದೇಶಕನು ತಡೆಯನೋ?"

"ಡೈರೆಕ್ಟರ್ನ ಯಾರ್ ಕೇಳ್ತಾರ್ರಿ? ತಿಕೀಟ್ ತಗೊಂಡಾಂವ ಕೇಳ್ಯಾನ ಅಂದ್ರ ಏಳೂದಽ."

ಪಕ್ಕದ ಮನೆಯವರು ನಿಟ್ಟುಸಿರು ಬಿಟ್ಟು, "ಅಯ್ಯೋ, ನಾನು ಜೀವಮಾನವೆಲ್ಲ ತಪ್ಪು ದೇಶದಲ್ಲಿ ಸತ್ತೆನಲ್ಲ" ಎಂದರು.

ಆ ಬೇಸಿಗೆಯಲ್ಲಿ ಪಕ್ಕದ ಊರಿನ ಹವ್ಯಾಸಿ ತಂಡವೊಂದು ಹಳೆಯದೊಂದು ರಾಜನ ದುರಂತ ನಾಟಕಕ್ಕೆ ಕೈಹಾಕಿತು. ಮುದಿ ಮಂತ್ರಿಯ ಪಾತ್ರ ಇವರಿಗೆ ಸಿಕ್ಕಿತು. ನಿರ್ದೇಶಕ ಒಬ್ಬ ಯುವಕ, ವಾರದ ದಿನಗಳಲ್ಲಿ ಪ್ರಾಡಕ್ಟ್ ಮ್ಯಾನೇಜರು. ಅವನು ರಾಜಸಭೆಯನ್ನು ಸ್ಟಾರ್ಟಪ್ ಆಫೀಸು ಮಾಡಿದ್ದ. ಸಿಂಹಾಸನದ ಜಾಗದಲ್ಲಿ ಚಕ್ರದ ಕುರ್ಚಿ, ಕೋಟೆಯ ಜಾಗದಲ್ಲಿ ವೈಟ್‌ಬೋರ್ಡು, ಕತ್ತಿಯ ಬದಲು ಲೇಸರ್ ಪಾಯಿಂಟರು. ಎದೆಯ ಮೇಲೆ ಕೆಂಪು ಚುಕ್ಕೆ ಬಿದ್ದರೆ ಸತ್ತ ಹಾಗೆ ಲೆಕ್ಕ.

ಒಂದು ಸಂಜೆ ತಾಲೀಮು ಮುಗಿಸಿ ಬಂದವರು ತಮ್ಮ ಮನೆಗೆ ಹೋಗದೆ ನಮ್ಮ ಮನೆಗೆ ಬಂದು, ಚಪ್ಪಲಿ ಸ್ಟ್ಯಾಂಡಿನ ಮೇಲೇ ಕೂತುಬಿಟ್ಟರು.

"ಇದು ನನ್ನ ಕಡೆಯ ಪಾತ್ರ. ಈ ಮಂಡಿಗಳು ಇನ್ನು ಬೀಳಲು ಒಪ್ಪವು. ಬಿದ್ದರೂ ಏಳಲು ಒಪ್ಪವು. ಮಂತ್ರಿಗೆ ಒಂದು ಕೊನೆಯ ಮಾತಿದೆ. ಅದೊಂದನ್ನು ಪೂರ್ತಿ ನುಡಿದು ಸಾಯಬೇಕೆಂದಿದ್ದೆ. ಆ ಬಾಲಕನು ಇಂದು ಅದನ್ನೂ ಕತ್ತರಿಸಿದನು."

"ಏನಂದ?" ಎಂದು ಕೇಳಿದೆ.

ಅವರು ಎರಡೂ ಅಂಗೈ ಚಾಚಿ ತಟ್ಟೆ ಮುಚ್ಚುವ ಹಾಗೆ ತೋರಿಸಿದರು.

ನನಗೆ ಮೈ ಉರಿದುಹೋಯಿತು. ಆ ಮಾತು ನನಗೆ ಬಾಯಿಪಾಠ. ಪಾತ್ರ ಸಿಕ್ಕಿದಾಗಿನಿಂದ ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಕೇಳಿದ್ದೆ. ಸಾಯುತ್ತಿರುವ ಮಂತ್ರಿಗೆ ತಾನು ಸಾಯುತ್ತಿರುವುದೇ ಗೊತ್ತಿಲ್ಲ. ನನ್ನ ಕೋಲನ್ನು ಬಾಗಿಲ ಹಿಂದೆಯೇ ಇಡಿ, ನಾಳೆ ಬೇಗ ಏಳಬೇಕು, ರಾಜ ಬೆಳಿಗ್ಗೆ ಏನೂ ತಿನ್ನದೆ ಸಭೆಗೆ ಹೋಗುತ್ತಾನೆ ಎಂದೆಲ್ಲ ಹೇಳುತ್ತಾನೆ. ಇದನ್ನು ಕತ್ತರಿಸಲು ಯಾವ ಕೈ ಬರುತ್ತದೆ? ನಾನೂ ಆಫೀಸಿನಲ್ಲಿ ಕೊನೆಯ ಸ್ಲೈಡಿಗೆ ಬರುವಷ್ಟರಲ್ಲಿ ಟೈಮಾಯ್ತು ಅನ್ನಿಸಿಕೊಂಡು ಕೂತವಳೇ. ಆದರೆ ಬೈಯುವುದು ಯಾರನ್ನು? ಅವರಿಗೆ ಒಂದು ಲೋಟ ಕಾಫಿ ಕೊಟ್ಟೆ, ಅಷ್ಟೇ ನನ್ನ ಕೈಲಾದದ್ದು. ಮಾವ ಏನೂ ಹೇಳಲಿಲ್ಲ. ಅದು ಅವರ ಸ್ವಭಾವವಲ್ಲ, ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ನಾಟಕದ ದಿನ ಫ್ರೀವೇ ಉದ್ದಕ್ಕೂ ಮಾವನಿಗೆ ಬುದ್ಧಿ ಹೇಳಿದೆ. "ಮಾವ, ಅಲ್ಲಿ ಮಾತಾಡ್ಬಾರ್ದು. ಚಕ್ಲಿ ತಿನ್ಬಾರ್ದು. ಫೋನ್ ಆಫ್ ಮಾಡಿ. ನಾಟ್ಕ ಮುಗಿಯೋವರ್ಗೂ ಬಾಯಿಗೆ ಬೀಗ."

"ನನಗ ಗೊತ್ತಿಲ್ಲೇನ್ ಬೇ ಯವ್ವಾ? ನೀ ಹುಟ್ಟೂಕ್ಕಿಂತ ಮೊದಲ ನಾಟಕಾ ನೋಡೀನಿ."

ಅದೇ ನನ್ನ ಭಯ ಎಂದು ಹೇಳಲಿಲ್ಲ. ಚಕ್ಲಿ ಪೊಟ್ಟಣ ಮಾತ್ರ ಕಸಿದುಕೊಂಡು ನನ್ನ ಬ್ಯಾಗಿಗೆ ಹಾಕಿದೆ. ಮುಂದಿನಿಂದ ಎರಡನೇ ಸಾಲಿನಲ್ಲಿ ಕೂತೆವು.

ಮಂತ್ರಿ ವೈಟ್‌ಬೋರ್ಡಿನ ಪಕ್ಕದಲ್ಲಿ ನಿಂತು ರಾಜನಿಗೆ ಎಚ್ಚರಿಕೆ ಹೇಳುತ್ತಿದ್ದರು. ವಿರೋಧಿ ಪಕ್ಷದ ಹುಡುಗ ಪಾಯಿಂಟರು ಒತ್ತಿದ. ಎದೆಯ ಮೇಲೆ ಕೆಂಪು ಚುಕ್ಕೆ. ಧೊಪ್. ಅಷ್ಟೇ. ರಾಜ ಕುರ್ಚಿ ತಿರುಗಿಸಿ ಮುಂದಿನ ಮಾತಿಗೆ ಬಾಯಿ ತೆರೆದ.

"ಇಷ್ಟಽ ಏನು?" ಎಂದರು ಮಾವ. ಅದು ಅವರ ಪಿಸುಮಾತು. ಹಾಲಿನ ಅರ್ಧ ಜನ ತಿರುಗಿ ನೋಡಿದರು. ನಾನು ಅವರ ಅಂಗಿಯ ತುದಿ ಹಿಡಿದು ಎಳೆದೆ. ಅವರು ಎದ್ದು ನಿಂತೇಬಿಟ್ಟಿದ್ದರು.

"ಒನ್ಸ್ ಮೋರ್."

ಆ ದನಿಗೆ ಗೂಡ್ಸ್ ಗಾಡಿಯೇ ನಿಲ್ಲುತ್ತಿತ್ತು, ಒಂದು ನಾಟಕ ಯಾವ ಲೆಕ್ಕ. ರಾಜನ ಬಾಯಿ ತೆರೆದಂತೆಯೇ ಉಳಿಯಿತು. ನಾನು ಕಣ್ಣು ಮುಚ್ಚಿಕೊಂಡು, ನಾಳೆ ಯಾವ ಊರಿಗೆ ಮನೆ ಬದಲಾಯಿಸುವುದೆಂದು ಯೋಚಿಸುತ್ತಿದ್ದೆ. ಕಣ್ಣು ತೆರೆದಾಗ ಹೆಣ ಒಂದು ಕಣ್ಣು ತೆರೆದಿತ್ತು. ಆ ಕಣ್ಣು ನಮ್ಮ ಸಾಲನ್ನು ಹುಡುಕಿ, ಮಾವನನ್ನು ಕಂಡು, ಅಲ್ಲೇ ನಿಂತಿತು.

ಆಮೇಲೆ ಅವರು ಎದ್ದರು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಮೊದಲು ಒಂದು ಮಂಡಿ, ಆಮೇಲೆ ವೈಟ್‌ಬೋರ್ಡಿನ ಕಾಲು, ಆಮೇಲೆ ರಾಜನೇ ಇಳಿದು ಬಂದು ಮೊಣಕೈ ಹಿಡಿದುಕೊಂಡ. ತಮ್ಮ ಜಾಗದಲ್ಲಿ ನೆಟ್ಟಗೆ ನಿಂತು ಕೊಂದ ಹುಡುಗನ ಕಡೆ ತಲೆಯಾಡಿಸಿದರು. ಒಳ್ಳೆಯ ಮನೆಯ ಹುಡುಗನಿರಬೇಕು, ಹಿರಿಯರು ಹೇಳಿದರೆಂದು ಮತ್ತೆ ಒತ್ತಿದ. ಕೆಂಪು ಚುಕ್ಕೆ ಗಡಗಡ ನಡುಗುತ್ತಾ ಅವರ ಎದೆ ಹುಡುಕಿಕೊಂಡಿತು.

ಹಿಂದಿನಿಂದ ಕುತ್ತಿಗೆಯಲ್ಲಿ ಹೆಡ್‌ಫೋನು ನೇತುಹಾಕಿಕೊಂಡ ನಿರ್ದೇಶಕ "ಓಕೆ, ಸಾಕು" ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದ. ಮಾವ ಪೂರ್ತಿ ಅವನ ಕಡೆ ತಿರುಗಿ, ತಮ್ಮ ಟಿಕೆಟನ್ನು ಕೆಂಪು ಬಾವುಟದ ಹಾಗೆ ಎತ್ತಿ ಹಿಡಿದರು. ಅವನು ಸುಮ್ಮನಾದ.

ಈ ಸಲ ಅವರು ಪೂರ್ತಿ ಸತ್ತರು. ಮೊದಲು ಕುರ್ಚಿಯ ಬೆನ್ನು ಹಿಡಿದರು, ಅದಕ್ಕೆ ಚಕ್ರವಿದ್ದದ್ದರಿಂದ ಅದರ ಜೊತೆ ಸ್ವಲ್ಪ ದೂರ ಹೋದರು. ಜನ ನಕ್ಕರು. ಆಮೇಲೆ ಮೆಲ್ಲಗೆ ಕೂತು, ಒರಗಿ, ಕೋಲಿನ ಮಾತು ತೆಗೆದರು. ಬಾಗಿಲ ಹಿಂದೆಯೇ ಇಡಿ, ನಾಳೆ ಬೇಕಾಗುತ್ತದೆ. ನಗು ನಿಂತಿತು. ರಾಜ ಬೆಳಿಗ್ಗೆ ಏನೂ ತಿನ್ನುವುದಿಲ್ಲ ಎಂಬಲ್ಲಿ ರಾಜನ ವೇಷದ ಹುಡುಗ ನಿಜವಾಗಿ ಕಣ್ಣೊರೆಸಿಕೊಂಡ. ಗೋಡೆಯಾಚೆ ಕೇಳಿ ಕೇಳಿ ಸಾಕಾಗಿದ್ದ ಮಾತೇ ಅದು, ಆದರೂ ನಾನೂ ಅದರ ಜೊತೆ ತುಟಿಯಾಡಿಸುತ್ತಿದ್ದೆ. ಕೊನೆಯ ಸಾಲು ಮುಗಿಸಿ, ಆತುರವಿಲ್ಲದೆ ತಲೆ ಕೆಳಗಿಟ್ಟರು.

ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ನಡುವೆ ಯಾರೋ ಹೆಂಗಸು ಗಂಟಲು ಹರಿಯುವ ಹಾಗೆ "ಒನ್ಸ್ ಮೋರ್" ಎಂದು ಕಿರುಚಿದಳು. ಯಾರಪ್ಪಾ ಈ ಗಯ್ಯಾಳಿ ಎಂದುಕೊಂಡರೆ, ನಾನೇ ಎದ್ದು ನಿಂತಿದ್ದೆ. ಬಸವನಗುಡಿ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನನ್ನ ಹಿಂದೆ ಇನ್ನೊಬ್ಬರು ಕೂಗಿದರು, ಆಮೇಲೆ ಇಡೀ ಹಾಲು. ಕೊನೆಗೆ ಹಿಂದೆ ನಿಂತ ನಿರ್ದೇಶಕನೂ ಕೂಗಿದ.

ಹೆಣ ತಲೆ ಎತ್ತಲಿಲ್ಲ. ಕೈ ಎರಡನ್ನು ಮಾತ್ರ ಎತ್ತಿತು. ಅಂಗೈ ಚಾಚಿ, ಎದೆಯ ಮೇಲೆ ಮುಚ್ಚಳದ ಹಾಗೆ ಅಡ್ಡ ಹಿಡಿದು, ಸ್ಪಷ್ಟವಾದ ಕನ್ನಡದಲ್ಲಿ ಹೇಳಿತು:

"ಸಾಕು."

ನಾನು ಮತ್ತೆ ಕೂಗಲು ಬಾಯಿ ತೆರೆದೆ. ಮಾವ ನನ್ನ ಸೀರೆಯ ಸೆರಗು ಹಿಡಿದು ಕೆಳಗೆ ಕೂರಿಸಿದರು.

"ಕೂಡ ಬೇ, ಸಾಕ್ ಮಾಡು" ಎಂದರು, ಜೀವನದಲ್ಲಿ ಮೊದಲ ಸಲ ಮೆಲ್ಲಗೆ. "ಎರಡೂ ಕೈ ಅಡ್ಡ ಹಿಡದಾರ. ಹೊಟ್ಟಿ ತುಂಬೇತಿ ಅವರಿಗೆ."