ಕಿಟಕಿಯಾಚೆ ನಿಂತ ನರ್ಸಮ್ಮ

ಮೊನ್ನೆ ಮೊಮ್ಮಗಳು ತನ್ನ ಹಸುಗೂಸಿನ ಬಟ್ಟೆ ಕುದಿಸುತ್ತಿದ್ದಳು. ಸೋಪು, ಬಿಸಿನೀರು, ಹಳೆಯ ಹತ್ತಿಬಟ್ಟೆ ಕಲೆತ ಆ ಹಬೆ ಮೂಗಿಗೆ ಬಡಿದದ್ದೇ ನಾನು ಎದ್ದು ಕಿಟಕಿ ತೆರೆದೆ. ಅದು ನಮ್ಮೂರ ಡಿಸ್ಪೆನ್ಸರಿಯ ವಾಸನೆ. ನರ್ಸಮ್ಮನ ವಾಸನೆ...

ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದ ಕಾಲ. ಶನಿವಾರಸಂತೆಯಿಂದ ಆಚೆಗಿನ ಆ ಊರಿಗೆ ನಾನು ಸೊಸೆಯಾಗಿ ಬಂದಿದ್ದೆ. ಡಿಸ್ಪೆನ್ಸರಿ ಎಂದರೆ ಎರಡು ಕೋಣೆ, ಒಂದು ಜಗಲಿ. ಡಾಕ್ಟರು ಬರುವುದು ವಾರಕ್ಕೊಮ್ಮೆ. ಉಳಿದ ದಿನ ಎಲ್ಲವೂ ನರ್ಸಮ್ಮನದೇ. ಮಂಗಳೂರು ಕಡೆಯವರು, ಒಂಟಿ ಹೆಂಗಸು. ಕೆಮ್ಮಿಕೊಂಡು ಬಂದವರನ್ನು ಅವರು ಒಳಗೆ ಬಿಡುತ್ತಿರಲಿಲ್ಲ. ಅಂಗಳದ ಬಿಸಿಲಿನಲ್ಲಿ ಅವರಿಗೆ ಬೇರೆ ಬೆಂಚು, ಉಗುಳಲು ಮುಚ್ಚಳದ ಡಬ್ಬಿ. ಎಷ್ಟೇ ಚಳಿಯಿದ್ದರೂ ಕಿಟಕಿಗಳು ತೆರೆದೇ ಇರಬೇಕು.

"ನಾವೇನ್ ನಾಯಿಗಳೇನವ್ವ, ಹೊರಗ್ ಕೂರ್ಸಕ್ಕೆ?" ಎಂದು ಜನ ಸಿಟ್ಟಾಗುತ್ತಿದ್ದರು.

"ಒಳಗೆ ಬಸುರಿಯರು ಇದ್ದಾರೆ ಮಾರಾಯ್ರೆ. ನಿಮ್ಮ ಮನೆಯವರೇ ಅಲ್ವಾ?" ಎನ್ನುತ್ತಿದ್ದರು ನರ್ಸಮ್ಮ.

ನನ್ನ ಅಕ್ಕ ಮನೆಯಲ್ಲಿ ಹೆರುವಾಗಲೇ ತೀರಿಕೊಂಡವಳು. ಹಾಗಾಗಿ ಬಸುರಾದಾಗಿನಿಂದ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ನರ್ಸಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದ ದಿನ ಮಾತ್ರ ಜೀವಕ್ಕೆ ಸಮಾಧಾನ. "ಮಗು ಕಾಲು ಕೆಳಗೆ ಮಾಡಿಕೊಂಡುಂಟು. ಇನ್ನೂ ತಿರುಗಬಹುದು," ಎಂದಿದ್ದರು ಒಮ್ಮೆ.

ಅದಾದ ಮೇಲೆ ಅವರು ನನ್ನನ್ನು ಮುಟ್ಟಲಿಲ್ಲ. ಮುಂದಿನ ಸಲ ಹೋದಾಗ ಬಾಯಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ದೂರ ನಿಂತಿದ್ದರು. ಅವರ ಕೈಕೆಳಗಿನ ಆಯಾ ನನ್ನ ಹೊಟ್ಟೆ ಮುಟ್ಟಿ ನೋಡಿದಳು.

"ಯಾಕಮ್ಮ, ನನ್ ಮೇಲೆ ಕೋಪನಾ?" ಎಂದೆ.

"ಕೋಪ ಎಂತಕ್ಕೆ? ನನಗೇ ಕೆಮ್ಮು ಹಿಡಿದುಂಟು. ಕಫ ಪರೀಕ್ಷೆಗೆ ಮಡಿಕೇರಿಗೆ ಕಳಿಸಿದ್ದೇನೆ. ಏನೆಂದು ಗೊತ್ತಾಗುವ ತನಕ ನಿಮ್ಮ ಹತ್ತಿರ ಬರುವುದಿಲ್ಲ. ಹೆರಿಗೆಗೆ ನೀವು ಮಡಿಕೇರಿಗೇ ಹೋಗಿ, ತಡ ಮಾಡಬೇಡಿ."

ನಾವು ಹೊರಡುವ ಮೊದಲೇ ನೋವು ಬಂತು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಗಾಡಿಯಲ್ಲಿ ಮಲಗಿಸಿ ಡಿಸ್ಪೆನ್ಸರಿಗೆ ತಂದರು. ಡಾಕ್ಟರ ದಿನವಲ್ಲ. ನರ್ಸಮ್ಮ ಕಿಟಕಿಯ ಹೊರಗೆ ನಿಂತು ಹೇಳುತ್ತಾ ಹೋದರು, ಆಯಾ ಒಳಗೆ ಹಾಗೆಯೇ ಮಾಡುತ್ತಾ ಹೋದಳು. ಮಗು ತಿರುಗಿರಲಿಲ್ಲ. ಕಾಲು ಬಂತು, ಮೈ ಬಂತು, ತಲೆ ಸಿಕ್ಕಿಕೊಂಡಿತು. ಆಯಾ ಕೈ ಹಿಂದಕ್ಕೆ ತೆಗೆದಳು.

"ನಂಗಾಗಲ್ಲ ನರ್ಸಮ್ಮ!" ಎಂದು ಅವಳು ಅತ್ತುಬಿಟ್ಟಳು.

"ಒಳಿಕ್ ಬಾರವ್ವ, ನಿನ್ ಕಾಲಿಗ್ ಬೀಳ್ತೀನಿ!" ಎಂದು ಅತ್ತೆ ಕಿಟಕಿಯ ಸರಳು ಹಿಡಿದು ಕೂಗಿದರು.

ಆ ಕಿಟಕಿಯಲ್ಲಿ ಕಂಡ ಕಣ್ಣುಗಳನ್ನು ನಾನು ಮರೆತಿಲ್ಲ. ಅಷ್ಟು ಹೆದರಿದ ಕಣ್ಣುಗಳನ್ನು ಮತ್ತೆಲ್ಲೂ ನೋಡಿಲ್ಲ... ಮರುಕ್ಷಣ ಅಲ್ಲಿ ಯಾರೂ ಇರಲಿಲ್ಲ. ಬಾಗಿಲು ತೆರೆಯಿತು. ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ ಬಿಗಿದು, ಮೊಣಕೈವರೆಗೆ ಕೈ ತೊಳೆದುಕೊಂಡು ಅವರು ಬಂದರು. ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಉಸಿರು ಬಿಗಿಹಿಡಿದು, ಬರೀ ಕೈಯಿಂದಲೇ ಮಗುವನ್ನು ಬಿಡಿಸಿದರು. ಆಯಾಳ ಮಡಿಲಿಗೆ ಕೊಟ್ಟು ತಕ್ಷಣ ಹೊರಗೆ ಓಡಿದರು. ಒಳಗೆ ನನ್ನ ಮಗಳು ಅಳುತ್ತಿದ್ದಳು. ಹೊರಗೆ ಅವರು ಕೆಮ್ಮುತ್ತಿದ್ದರು. ಅಷ್ಟು ಹೊತ್ತೂ ತಡೆದುಕೊಂಡಿದ್ದ ಕೆಮ್ಮು.

ಅದೇ ವಾರ ಮಡಿಕೇರಿಯಿಂದ ಉತ್ತರ ಬಂತು. ಕ್ಷಯ. ನರ್ಸಮ್ಮನನ್ನು ಕ್ಷಯದವರ ಸ್ಯಾನಿಟೋರಿಯಮ್ಮಿಗೆ ಕರೆದೊಯ್ದರು. ನನ್ನ ಭಯ ಅಲ್ಲಿಂದ ಶುರುವಾಯಿತು. ಮಗು ಸೀನಿದರೆ ಭಯ, ಹಾಲು ಬಿಟ್ಟರೆ ಭಯ, ಮೈ ಸ್ವಲ್ಪ ಬೆಚ್ಚಗಾದರೆ ಭಯ. ಯಾರ ಕೈಯಿಂದ ಮಗಳು ಉಳಿದಳೋ ಅವರ ಉಸಿರೇ ಅವಳನ್ನು ಕೊಂದರೆ? ಇದನ್ನು ಯಾರಿಗೆ ಹೇಳುವುದು?

ನೋಡಲು ಹೋಗಿದ್ದ ಆಯಾ ಮರಳಿ ಬಂದು ಹೇಳಿದಳು: "ತಮ್ದೊಂದೂ ಮಾತಾಡ್ಲಿಲ್ಲ ಕಣವ್ವ. 'ಮಗು ಕೆಮ್ಮುತ್ತಾ? ತೂಕ ಏರಿದ್ಯಾ?' ಅಂತ ಅದನ್ನೇ ಕೇಳ್ತಿದ್ರು."

ಆಗ ನನಗೆ ಅಳು ಬಂತು. ನನ್ನ ಹಾಗೆಯೇ ಇನ್ನೊಬ್ಬರು ಅಲ್ಲಿ ರಾತ್ರಿಯೆಲ್ಲ ಅದೇ ಭಯದಲ್ಲಿ ಎದ್ದು ಕೂತಿದ್ದರು. ಅಂದಿನಿಂದ ಆ ಕಡೆ ಹೋಗುವವರು ಯಾರು ಸಿಕ್ಕಿದರೂ ಹೇಳಿ ಕಳಿಸುತ್ತಿದ್ದೆ: ಮಗು ಚೆನ್ನಾಗಿದೆ. ಮಗು ಬೋರಲಾಯಿತು. ಹಲ್ಲು ಬಂತು.

ಮಗಳು ನಡೆಯಲು ಕಲಿತ ಮೇಲೆ ಸ್ಯಾನಿಟೋರಿಯಮ್ಮಿಗೆ ಕರೆದುಕೊಂಡು ಹೋದೆ. ನರ್ಸಮ್ಮ ಬೇಲಿಯ ಆಚೆ, ಬಹಳ ದೂರದಲ್ಲಿ ನಿಂತರು. ಹತ್ತಿರ ಬರಲು ಬಿಡಲಿಲ್ಲ. "ಓಡಿಸಿ ನೋಡುವ!" ಎಂದು ಕೂಗಿದರು. ಮಗಳು ಹುಲ್ಲಿನ ಮೇಲೆ ಓಡಿದಳು, ಬಿದ್ದಳು, ಎದ್ದು ಮತ್ತೆ ಓಡಿದಳು. ಉಬ್ಬಸವಿಲ್ಲ, ಕೆಮ್ಮಿಲ್ಲ. ಅವರು ಕೈ ಮುಗಿದರು... ಯಾರಿಗೆ ಮುಗಿದರೋ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅವರು ಇರಲಿಲ್ಲ.

ಆ ಮಗಳೇ ಈಗ ಅಜ್ಜಿಯಾಗಿದ್ದಾಳೆ. ಚಳಿಗಾಲದಲ್ಲಿ ಎಲ್ಲರಂತೆ ಅವಳೂ ಒಂದೆರಡು ಸಲ ಕೆಮ್ಮುತ್ತಾಳೆ. ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಕಿವಿಗೊಟ್ಟು ಕೂರುತ್ತೇನೆ. "ಏನೂ ಇಲ್ಲ ಕಣಮ್ಮ," ಎಂದು ಅವಳು ನಗುತ್ತಾಳೆ. ಏನೂ ಇಲ್ಲ ಎಂದು ನನಗೂ ಗೊತ್ತು. ಆದರೆ ಅದನ್ನು ಯಾರಿಗೆ ಹೇಳಿ ಕಳಿಸಬೇಕೋ ಅವರು ಈಗ ಎಲ್ಲಿಯೂ ಇಲ್ಲ.