ಮುಡಿಪಿನೊಳಗಿನ ಕೂದಲು

ನಮ್ಮೂರಲ್ಲಿ ಗಂಡಸರಿಗಿಂತ ಮೊದಲು ಬಾಯಿಗೆ ತುತ್ತಿಡುತ್ತಿದ್ದ ಹೆಂಗಸು ಅಂದರೆ ನಮ್ಮಜ್ಜಿ ಒಬ್ಬಳೇ. ಆಂಧ್ರದ ಮಡಕಶಿರಾ ಕಡೆಯ ಹಳ್ಳಿ ನಮ್ಮದು, ರತ್ನಗಿರಿಯ ಕೋಟೆ ಬೆಟ್ಟ ಅಂಗಳದಿಂದಲೇ ಕಾಣುತ್ತದೆ. ಮುದ್ದೆ ಕಟ್ಟಿ, ಸಾರು ಇಳಿಸಿ, ಎಲ್ಲರ ತಟ್ಟೆ ಹಾಕಿದ ಮೇಲೆ ಅಜ್ಜಿ ನಡುಮನೆಗೆ ಬಂದು ನಿಲ್ಲುತ್ತಿದ್ದಳು. ಒಂದು ಚೂರು ಮುದ್ದೆ ಮುರಿದುಕೊಂಡು, ಸೌಟಿನಿಂದ ಅಂಗೈಗೆ ಸಾರು ಬಿಟ್ಟುಕೊಂಡು, ಎಲ್ಲರೂ ನೋಡುವ ಹಾಗೆ ನುಂಗುತ್ತಿದ್ದಳು. ಆಮೇಲೆ ಕೈ ತೊಳೆದು ಬಡಿಸುತ್ತಿದ್ದಳು. ಚಿಕ್ಕವಳಿದ್ದಾಗ ನನಗೆ ಅದು ದೊಡ್ಡ ಯೋಗದ ಹಾಗೆ ಕಾಣುತ್ತಿತ್ತು. ಬೇಗ ಅಜ್ಜಿಯಾಗಬೇಕು, ಮೊದಲು ಉಣ್ಣಬೇಕು ಅಂತ ಆಸೆಪಟ್ಟಿದ್ದೆ.

ನನ್ನನ್ನು ಹೆತ್ತವಳು ಬೇಗ ಹೋದಳು. ಸಾಕಿದ್ದು ಈ ಅಜ್ಜಿ, ಅಮ್ಮನ ಅಮ್ಮ. ಅವಳು ಯಾಕೆ ಮೊದಲು ಉಣ್ಣುತ್ತಾಳೆ ಅನ್ನುವುದು ನಾನು ದೊಡ್ಡವಳಾದ ವರ್ಷ ಗೊತ್ತಾಯಿತು. ಹೇಳಿದವಳು ಮಾವನ ಹೆಂಡತಿ, ನಮ್ಮತ್ತೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾ, ಅದೇನೋ ಹವಾಮಾನದ ಸುದ್ದಿ ಅನ್ನುವ ಹಾಗೆ ಹೇಳಿಬಿಟ್ಟಳು.

ತಾತ ಮೊದಲು ಮದುವೆಯಾಗಿದ್ದು ಅಜ್ಜಿಯ ಅಕ್ಕನನ್ನು. ಆ ದೊಡ್ಡಜ್ಜಿ ಕಾಯಿಲೆ ಬಿದ್ದಳು. ಉಂಡಿದ್ದು ನಿಲ್ಲುತ್ತಿರಲಿಲ್ಲ, ವಾಂತಿ. ನೋಡಿಕೊಳ್ಳಲು ತಂಗಿಯನ್ನು ಕರೆಸಿದರು. ಮೂರು ತಿಂಗಳು ಅಡುಗೆ ಮಾಡಿ ಉಣಿಸಿದ್ದು ಈ ತಂಗಿಯೇ. ದೊಡ್ಡಜ್ಜಿ ಉಳಿಯಲಿಲ್ಲ. ವರ್ಷ ತುಂಬುವುದರೊಳಗೆ ತಂಗಿಯನ್ನೇ ತಾತನಿಗೆ ಕೊಟ್ಟು ಮದುವೆ ಮಾಡಿದರು. ಊರಿನ ಬಾಯಿಗೆ ಇಷ್ಟು ಸಾಕಾಯಿತು. ಮಜ್ಜಿಗೆಯಲ್ಲಿ ದಿನಾ ಚೂರು ಚೂರು ಪಾಷಾಣ ಹಾಕಿ ಅಕ್ಕನನ್ನು ಕೊಂದಳು ಅಂದರು. ತಾತನ ಅಮ್ಮ ಸೊಸೆಗೆ ಮೊದಲ ದಿನವೇ ಕಟ್ಟುಪಾಡು ಹಾಕಿದಳಂತೆ: ನೀನು ಒಂದು ತುತ್ತು ತಿಂದು ತೋರಿಸು, ಆಮೇಲೆ ಬಡಿಸು. ಆ ಅತ್ತೆ ಸತ್ತಳು, ತಾತ ಸತ್ತ, ಅಜ್ಜಿ ಮಾತ್ರ ಆ ತುತ್ತನ್ನು ಬಿಡಲಿಲ್ಲ.

ನಾನು ಮದುವೆಯಾಗಿ, ಗಂಡನ ಜೊತೆ ರಾಯದುರ್ಗಕ್ಕೆ ಬಂದು, ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಸೇರಿ ಎಷ್ಟೋ ವರ್ಷವಾಗಿತ್ತು. ಮಾವನ ಮಗಳ ಮದುವೆಗೆ ಊರಿಗೆ ಹೋದೆ. ದೊಡ್ಡಜ್ಜಿಯ ತವರಿನ ಕಡೆಯವರು, ಅಂದರೆ ಅಜ್ಜಿಯ ಸ್ವಂತ ತವರಿನವರೂ ಅವರೇ, ಅಕ್ಷತೆ ಹಾಕಿ ನೀರೂ ಮುಟ್ಟದೆ ಎದ್ದು ಹೊರಟರು. ಅಡುಗೆ ಮನೆ ಬಾಗಿಲಲ್ಲಿ ಆಗ ಅಜ್ಜಿ ನಿಂತಿದ್ದಳು. ಎಂಬತ್ತರ ಮೇಲಿನ ಮುದುಕಿ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಬಾಯಿ ಮೊದಲೇ ಸರಿಯಿಲ್ಲ, ಗಂಡ ಕೈ ಹಿಡಿದು ಎಳೆದುಕೊಂಡು ಹೋಗದಿದ್ದರೆ ಮದುವೆ ಮನೆಯಲ್ಲಿ ರಂಪವಾಗುತ್ತಿತ್ತು. ಇವರೆಲ್ಲರ ಬಾಯಿ ಮುಚ್ಚಿಸುವ ಒಂದು ದಾರಿ ಸಿಗಬಾರದೇ ಅಂತ ಬಸ್ಸಿನುದ್ದಕ್ಕೂ ಹಲ್ಲು ಕಡಿದೆ.

ದಾರಿ ಸಿಕ್ಕಿತು. ಅದೇ ವರ್ಷ ನಮ್ಮ ಯೂನಿಟ್ಟಿಗೆ ಓದುವ ಹುಡುಗಿಯೊಬ್ಬಳು ಬಂದಳು, ಬಳ್ಳಾರಿ ಕಡೆಯವಳು. ಬಣ್ಣದ ಬಟ್ಟೆ, ರಾಸಾಯನಿಕಗಳ ಜೊತೆ ಕೆಲಸ ಮಾಡುವವರ ಕೂದಲು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡುವುದು ಅವಳ ಸಂಶೋಧನೆ. ಕೂದಲು ಕೊಡಿ ಅಂದರೆ ಹೆಂಗಸರು ಮಾಟ ಮಂತ್ರ ಅಂತ ಹೆದರಿ ಸೆರಗು ಹೊದ್ದುಕೊಂಡರು. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಒಪ್ಪಿಸಿಕೊಟ್ಟವಳು ನಾನು. ಹಾಗೆ ಸಲುಗೆಯಾಯಿತು. ಊಟದ ಬಿಡುವಿನಲ್ಲಿ ಕೂತು ಅವಳನ್ನು ಕೇಳುತ್ತಿದ್ದೆ.

"ನಾವು ಏನ್ ತಿಂತೀವಲ್ರಿ ಅಕ್ಕಾರ, ಅದರ ಗುರುತು ಕೂದಲಿಗೆ ಇಳೀತೈತಿ," ಅಂದಳು. "ಕೂದಲು ತಿಂಗಳಿಗೆ ಅರ್ಧ ಬೆರಳಿನ ಅಗಲದಷ್ಟು ಉದ್ದ ಬೆಳೀತೈತಿ ಅನ್ಕೋರಿ. ಬುಡದಿಂದ ತುದೀತನಕ ನೋಡಿದ್ರ ಯಾವ ತಿಂಗಳು ಏನ್ ಒಳಗ ಹೋಗಿತ್ತು ಅಂತ ತಿಳೀತೈತಿ."

ಕೂದಲನ್ನು ಸಣ್ಣ ಪೊಟ್ಟಣದಲ್ಲಿ ಸೀಲು ಮಾಡಿ, ದೂರದ ಊರಿನ ಅಣು ರಿಯಾಕ್ಟರಿನೊಳಗೆ ಇಡುತ್ತಾರಂತೆ. ಅಲ್ಲಿ ನ್ಯೂಟ್ರಾನ್ ಅನ್ನುವ ಕಣಗಳು ಕೂದಲಿನೊಳಗೆ ನುಗ್ಗಿ, ಅದರಲ್ಲಿರುವ ಪರಮಾಣುಗಳಿಗೆ ಸೇರಿಕೊಳ್ಳುತ್ತವೆ. ಹೊರಗೆ ತೆಗೆದ ಮೇಲೆ ಒಂದೊಂದು ಧಾತುವೂ ತನ್ನದೇ ಅಳತೆಯ ಕಿರಣ ಬಿಡುತ್ತದೆ. ಪಾಷಾಣದಲ್ಲಿರುವ ಆರ್ಸೆನಿಕ್ಕಿನದು ಒಂದು ಅಳತೆ, ಪಾದರಸದ್ದು ಇನ್ನೊಂದು. ಲೇಬಲ್ ನೋಡಿ ಪ್ಯಾಂಟು ಯಾವ ಯೂನಿಟ್ಟಿನದು ಅಂತ ನಾವು ಹೇಳುವ ಹಾಗೆ, ಅವರು ಕಿರಣ ಅಳೆದು ಒಳಗೆ ಏನಿದೆ, ಎಷ್ಟಿದೆ ಅಂತ ಹೇಳುತ್ತಾರೆ.

"ಸತ್ತು ಅರವತ್ತೈದು ವರ್ಷ ಆದೋರ ಕೂದ್ಲು ಇದ್ರೆ?" ಅಂದೆ.

"ನೂರು ವರ್ಷದ್ದಿದ್ರೂ ನಡೀತೈತ್ರಿ. ಯಾಕ್ರಿ?"

ನಾನು ಎಲ್ಲ ಹೇಳಿದೆ. ಯಾಕೆಂದರೆ ದೊಡ್ಡಜ್ಜಿಯ ಕೂದಲು ನಮ್ಮ ಮನೆಯಲ್ಲಿತ್ತು. ಕಾಯಿಲೆ ಜೋರಾದಾಗ, ವಾಸಿಯಾದರೆ ತಲೆ ಮುಡಿ ಕೊಡುತ್ತೇವೆ ಅಂತ ಹತ್ತಿರದ ಹೇಮಾವತಿ ಊರಿನ ಸಿದ್ದೇಶ್ವರನಿಗೆ ಹರಕೆ ಹೊತ್ತಿದ್ದರು. ಹರಕೆಯ ಗುರುತಿಗೆ ಹಿಂದಲೆಯಿಂದ ಒಂದು ಎಳೆ ಜಡೆ ಬುಡಕ್ಕೆ ಕತ್ತರಿಸಿ, ಒಂದು ನಾಣ್ಯದ ಜೊತೆ ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ಆ ಗಂಟಿಗೆ ನಾವು ಮುಡಿಪು ಅನ್ನುತ್ತೇವೆ. ಹರಕೆ ತೀರುವ ಮೊದಲೇ ದೊಡ್ಡಜ್ಜಿ ಹೋದಳು. ತೀರದ ಮುಡಿಪನ್ನು ಬಿಚ್ಚುವ ಹಾಗಿಲ್ಲ, ಎಸೆಯುವ ಹಾಗೂ ಇಲ್ಲ. ದೇವರ ಮೂಲೆಯ ಮೊಳೆಯಲ್ಲಿ ಅದು ಮಸಿ ಹಿಡಿದು ನೇತಾಡುತ್ತಲೇ ಇತ್ತು.

ಆ ಭಾನುವಾರ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಕದ್ದು ತರುವ ಯೋಚನೆಯಿತ್ತು, ಧೈರ್ಯ ಬರಲಿಲ್ಲ. ಅಜ್ಜಿಗೇ ಹೇಳಿದೆ. ಹಿತ್ತಿಲಲ್ಲಿ ಬಾವಿಯ ಪಕ್ಕದ ಕಣಗಿಲೆ ಗಿಡದಿಂದ ಪೂಜೆಗೆ ಹೂ ಬಿಡಿಸುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು. ಬೈಯುತ್ತಾಳೆ ಅಂದುಕೊಂಡಿದ್ದೆ.

"ತಗೊಂಡೋಗವ್ವ," ಅಂದಳು. "ನಮ್ಮಕ್ಕನ ಕೂದ್ಲು ಸುಳ್ಳು ಹೇಳಾಕಿಲ್ಲ."

ಹೇಮಾವತಿಯ ದಿಕ್ಕಿಗೆ ಕೈಮುಗಿದು ಮುಡಿಪನ್ನು ಇಳಿಸಿಕೊಂಡಳು. ದೇವರ ಮೂಲೆಯಲ್ಲಿ ಒಬ್ಬಳೇ ಕೂತು ಬಿಚ್ಚಿ, ಅರ್ಧದಷ್ಟು ಕೂದಲನ್ನು ನನಗೆ ಕಾಗದದಲ್ಲಿ ಮಡಿಸಿ ಕೊಟ್ಟು, ಉಳಿದದ್ದನ್ನು ಮತ್ತೆ ಕಟ್ಟಿದಳು. ನಾನು ಹೊರಗೆ ಅತ್ತೆಯ ಜೊತೆ ಮಾತಾಡುತ್ತಿದ್ದೆ. ಗೆದ್ದೆ ಅನ್ನುವ ಹುರುಪಿನಲ್ಲಿ ಆ ಕಾಗದವನ್ನು ಬಿಚ್ಚಿಯೂ ನೋಡದೆ ತಂದು ಹುಡುಗಿಯ ಕೈಗಿಟ್ಟೆ.

ಕೊಟ್ಟ ಮೇಲೆ ಹೆದರಿಕೆ ಶುರುವಾಯಿತು. ಅಲ್ಲಿಯವರೆಗೆ ನನಗೆ ಬರೀ ಸಿಟ್ಟಿತ್ತು. ಈಗ ಮಿಷನ್ನಿನ ಮುಂದೆ ಕೂತರೆ ಒಂದೇ ಯೋಚನೆ: ಇದ್ದರೆ? ನಿಜವಾಗಿಯೂ ಇದ್ದರೆ ನಾನೇನು ಮಾಡಲಿ? ಕೂತ ಕೂತಲ್ಲೇ ಲೆಕ್ಕ ಹಾಕುತ್ತಿದ್ದೆ. ಆಗ ಅಜ್ಜಿಗೆ ಹದಿನೇಳೋ ಹದಿನೆಂಟೋ. ಬಡವರ ಮನೆ ಹುಡುಗಿ. ಅಕ್ಕನ ಮನೆಯಲ್ಲಿ ಹೊಟ್ಟೆ ತುಂಬ ಊಟ, ಬಾವಿ, ಹೊಲ. ಛೀ ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಜ್ವರ ಬಂದಾಗ ರಾಗಿ ಗಂಜಿಯನ್ನು ಊದಿ ಊದಿ ಕುಡಿಸಿದ ಕೈ ಅದು. ಆ ಗಂಜಿಯನ್ನೂ ಅವಳು ಮೊದಲು ಒಂದು ಗುಟುಕು ಕುಡಿದೇ ನನಗೆ ಕೊಡುತ್ತಿದ್ದಳು.

ಎರಡು ತಿಂಗಳಾದ ಮೇಲೆ ಹುಡುಗಿಯ ಫೋನು ಬಂತು. ಮಿಷನ್ನುಗಳ ಸದ್ದಿಗೆ ಕೇಳಿಸದೆ ಹೊರಗೆ ಓಡಿದೆ.

"ಅಕ್ಕಾರ, ಆರ್ಸೆನಿಕ್ ಏನ್ ಹೆಚ್ಚಿಲ್ರಿ, ಎಲ್ಲಾರಿಗೂ ಇದ್ದಷ್ಟ ಐತಿ," ಅಂದಳು. ನಾನು ಉಸಿರು ಬಿಡುವುದರೊಳಗೆ, "ಆದ್ರ ಪಾದರಸ ಬಂದೈತ್ರಿ. ಸ್ವಲ್ಪ ಅಲ್ಲ, ಭಾಳ. ಕೂದಲಿಗೆ ಯಾರಾರ ಏನಾರ ಹಚ್ಚಿದ್ರೇನು, ಕೇಳಿ ನೋಡ್ರಿ," ಅಂದಳು.

ಪಾದರಸ. ರಸಕರ್ಪೂರ ಅಂತ ಒಂದು ವಿಷವಿದೆ, ಅದು ಪಾದರಸದ್ದೇ, ಅದೂ ಹೊಟ್ಟೆ ಕಿತ್ತು ಕೊಲ್ಲುತ್ತದೆ ಅಂತ ನಾಟಿ ವೈದ್ಯರ ಬಾಯಲ್ಲಿ ಕೇಳಿದ್ದೆ. ಊರಿನವರು ವಿಷದ ಹೆಸರು ಮಾತ್ರ ತಪ್ಪು ಹೇಳಿದ್ದರೇ? ಆ ದಿನ ಒಂದು ಕಟ್ಟು ಪ್ಯಾಂಟಿಗೆ ಹಿಂದಿನ ಜೇಬನ್ನು ತಲೆಕೆಳಗಾಗಿ ಹೊಲಿದೆ. ಸೂಪರ್‌ವೈಸರು, "ಯಾಕ್ರಿ ಅಕ್ಕಾ, ಮೈಯಾಗ ಹುಷಾರಿಲ್ಲೇನು?" ಅಂತ ಕೇಳಿದ. ಹೊಲಿಗೆ ಬಿಚ್ಚುತ್ತಾ ಕೂತೆ.

ಅದಕ್ಕಿಂತ ಕೆಟ್ಟ ಯೋಚನೆ ಊರಿಗೆ ಹೊರಟ ಬಸ್ಸಿನಲ್ಲಿ ಬಂತು. ಮುಡಿಪು ಬಿಚ್ಚುವಾಗ ಅಜ್ಜಿ ಒಬ್ಬಳೇ ಇದ್ದಳು. ಪರೀಕ್ಷೆ ಕೆಡಲಿ ಅಂತ ಬೇಕೆಂದೇ ಏನಾದರೂ ಬೆರೆಸಿದಳೇ? ಓದು ಬರಹ ಬಾರದ ಮುದುಕಿಗೆ ಅಷ್ಟೆಲ್ಲ ಹೇಗೆ ತಿಳಿಯುತ್ತದೆ ಅಂತ ನಾನೇ ಕೇಳಿಕೊಂಡೆ. ನಾನೇ ಎಲ್ಲ ಬಿಡಿಸಿ ಹೇಳಿದ್ದೆನಲ್ಲ ಅಂತ ನಾನೇ ಉತ್ತರಿಸಿಕೊಂಡೆ. ಮದುವೆ ಮನೆಯಿಂದ ಉಣ್ಣದೆ ಎದ್ದು ಹೋದವರಿಗೂ ನನಗೂ ಏನು ವ್ಯತ್ಯಾಸ ಉಳಿಯಿತು?

ಮನೆ ಸೇರಿದವಳು ಚಪ್ಪಲಿ ಬಿಡುತ್ತಲೇ ಕೇಳಿದೆ. "ಅಜ್ಜಿ, ಕೂದ್ಲು ಕೊಡಕ್ಕೆ ಮುಂಚೆ ಅದಕ್ಕೆ ಏನಾನಾ ಹಚ್ಚಿದ್ಯಾ?"

"ಹೂಂ, ಹಚ್ಚಿದ್ದೆ." ಮುಚ್ಚುಮರೆಯೇ ಇಲ್ಲ.

"ಏನು?"

"ಅರಿಶ್ಣ ಕುಂಕ್ಮ. ಇನ್ನೇನು ಹಚ್ತಾರೆ? ನಮ್ಮಕ್ಕ ಮುತ್ತೈದೆಯಾಗಿ ಹೋದೋಳು. ಯಾರೋ ಕಾಣದೋರ ಕೈಗೆ ಬೋಳುಕೂದ್ಲು ಕಳ್ಸಕ್ಕಾಯ್ತದಾ?"

ಒಳಗೆ ಹೋಗಿ ಒಂದು ಮರದ ಭರಣಿ ತಂದಳು. ಅದು ದೊಡ್ಡಜ್ಜಿಯದೇ. ತಳದಲ್ಲಿ ಕಪ್ಪು ಕೆಂಪಾಗಿ ಗಟ್ಟಿಯಾದ ಕುಂಕುಮ ಇನ್ನೂ ಉಳಿದಿತ್ತು. ಅಕ್ಕನದು ಅಂತ ಇವಳು ಎಂದೂ ತನ್ನ ಹಣೆಗೆ ಇಟ್ಟುಕೊಂಡವಳಲ್ಲ, ಆ ದಿನ ಮಾತ್ರ ತೆಗೆದು ಅಕ್ಕನ ಕೂದಲಿಗೇ ಹಚ್ಚಿದ್ದಳು. ನನಗೆ ಅಳು ಬಂತು. ಉಗುರಿನಿಂದ ಒಂದು ಚಿಟಿಕೆ ಕೆರೆದು ಕಾಗದಕ್ಕೆ ಹಾಕಿಕೊಂಡೆ.

ಹುಡುಗಿಗೆ ಅದೇ ಬೇಕಾಗಿತ್ತು. ಹಳೇ ಕಾಲದ ಕೆಲವು ಕುಂಕುಮದಲ್ಲಿ ಇಂಗಳೀಕ ಅನ್ನುವ ಕೆಂಪು ಕಲ್ಲಿನ ಪುಡಿ ಸೇರಿಸುತ್ತಿದ್ದರು, ಅದರಲ್ಲಿ ಇರುವುದೇ ಪಾದರಸ ಅಂದಳು. ಕೂದಲಿನ ಕೆಂಪನ್ನು ಮುಡಿಪಿನ ಬಟ್ಟೆಯ ಬಣ್ಣ ಅಂದುಕೊಂಡು ಮೊದಲ ಸಲ ತೊಳೆಯದೆ ಹಾಕಿದ್ದಳಂತೆ. ಚಿಟಿಕೆ ಕುಂಕುಮವನ್ನೂ ಪರೀಕ್ಷೆಗೆ ಹಾಕಿದಳು. ಉಳಿದ ಕೂದಲನ್ನು ಚೆನ್ನಾಗಿ ತೊಳೆದು, ಬುಡದಿಂದ ತುದಿಗೆ ತುಂಡು ತುಂಡು ಮಾಡಿ ಇನ್ನೊಮ್ಮೆ ರಿಯಾಕ್ಟರಿಗೆ ಕಳಿಸಿದಳು. ಮತ್ತೆ ಕಾಯುವುದು. ಆ ದಿನಗಳಲ್ಲಿ ಊರಿಗೆ ಫೋನು ಮಾಡುವುದನ್ನೇ ಬಿಟ್ಟೆ. ಅಜ್ಜಿಯ ದನಿ ಕೇಳಲು ಹೆದರಿಕೆಯಾಗುತ್ತಿತ್ತು.

ಕಡೆಗೆ ಹುಡುಗಿಯೇ ಯೂನಿಟ್ಟಿನ ಬಾಗಿಲಿಗೆ ಬಂದಳು, ಮುಖದಲ್ಲಿ ನಗು. ಪಾದರಸ ಕುಂಕುಮದ್ದೇ. ತೊಳೆದ ಮೇಲೆ ಕೂದಲಿನಲ್ಲಿ ಅದು ಹೆಚ್ಚುಕಮ್ಮಿ ಉಳಿದಿರಲಿಲ್ಲ. ಕಾಯಿಲೆಯ ತಿಂಗಳುಗಳ ತುಂಡುಗಳಲ್ಲೂ ಅದಕ್ಕೆ ಹಿಂದಿನವುಗಳಲ್ಲೂ ಆರ್ಸೆನಿಕ್ ಒಂದೇ ಸಮ, ಯಾರ ಕೂದಲಲ್ಲಾದರೂ ಇರುವಷ್ಟು. ನಾನು ಅವಳನ್ನು ಅಪ್ಪಿಕೊಂಡೆ. ಆಗ ಅವಳು ಓದಿದವರ ಪ್ರಾಮಾಣಿಕತೆಯಿಂದ ಒಂದು ಮಾತು ಸೇರಿಸಿದಳು.

"ಒಂದು ತಿಳ್ಕೋರಿ ಅಕ್ಕಾರ. ಪಾಷಾಣ ಇಲ್ಲ, ಪಾದರಸ ಇಲ್ಲ, ಅಷ್ಟ ಹೇಳಾಕ ಬರೋದು. ಗಿಡದ ವಿಷ ಇದರಾಗ ಕಾಣಂಗಿಲ್ರಿ. ಕಣಗಿಲೆ, ಅಂಥಾವೆಲ್ಲ."

ಆ ಒಂದು ಮಾತು ಹೇಳದೆ ಹೋಗಿದ್ದರೆ ಅವಳ ಗಂಟೇನು ಹೋಗುತ್ತಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಕಣಗಿಲೆ ನಮ್ಮ ಕಡೆ ಯಾರ ಹಿತ್ತಿಲಲ್ಲಿಲ್ಲ? ನಮ್ಮ ಹಿತ್ತಿಲಲ್ಲಿದ್ದರೆ ಏನಾಯಿತು? ಹಾಗಂತ ನನಗೆ ನಾನೇ ಹೇಳಿಕೊಂಡು ಊರಿಗೆ ಹೊರಟೆ. ಆ ಮಾತನ್ನು ಅಲ್ಲಿ ಬಾಯಿ ಬಿಡಬಾರದು ಅಂತ ತೀರ್ಮಾನಿಸಿಕೊಂಡಿದ್ದೆ.

ಮಧ್ಯಾಹ್ನ ಮನೆ ಸೇರಿದಾಗ ಮಾವ, ಅತ್ತೆ ಕಡಲೆಕಾಯಿ ಹೊಲಕ್ಕೆ ಹೋಗಿದ್ದರು. ಅಜ್ಜಿ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಪಾಷಾಣ ಇರಲಿಲ್ಲ ಅಜ್ಜಿ, ಇರಲೇ ಇಲ್ಲ, ವಿಜ್ಞಾನದವರೇ ಹೇಳಿದ್ದಾರೆ. ಇನ್ನು ಯಾರು ಏನಂದರೂ ನಾನಿದ್ದೇನೆ, ಒಬ್ಬೊಬ್ಬರ ಮನೆ ಬಾಗಿಲಿಗೆ ಹೋಗಿ ಹೇಳುತ್ತೇನೆ ಅಂದೆ.

ಮುದ್ದೆ ಕೋಲು ನಿಂತಿತು.

"ಯಾರ್ಗೆ ಹೇಳ್ತೀಯವ್ವ? ಅಂದೋರೆಲ್ಲ ಹೋದ್ರಲ್ಲ," ಅಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನೀನು ನಂಬುದ್ಯಲ್ಲ, ಸಾಕು," ಅಂದಳು.

ಮುದ್ದೆ ಕಟ್ಟಿದಳು. ನನಗೊಂದು ತಟ್ಟೆ ಹಾಕಿದಳು. ನಡುಮನೆಗೆ ಹೋಗಿ ನಿಲ್ಲಲಿಲ್ಲ. ಚೂರು ಮುರಿದುಕೊಳ್ಳಲಿಲ್ಲ, ಅಂಗೈಗೆ ಸಾರು ಬಿಟ್ಟುಕೊಳ್ಳಲಿಲ್ಲ. ನಾನು ಹುಟ್ಟಿದಾಗಿನಿಂದ ಮೊದಲ ಸಲ, ಎಲ್ಲ ಹೆಂಗಸರ ಹಾಗೆ, ಬಿಸಿ ಮುದ್ದೆಯನ್ನು ನೇರ ನನ್ನ ತಟ್ಟೆಗಿಟ್ಟು ಮೇಲೆ ಸಾರು ಬಿಟ್ಟು, "ಉಣ್ಣವ್ವ," ಅಂದಳು. ಮುಖದಲ್ಲಿ ನಾಚಿಕೆಯ ಹಾಗೆ ಏನೋ ಇತ್ತು.

ನಾನು ಮುದ್ದೆ ಮುರಿದೆ. ಸಾರಿಗೆ ಅದ್ದಿದೆ. ಬಾಯಿಯ ಹತ್ತಿರ ತಂದ ಕೈ ನಿಂತುಬಿಟ್ಟಿತು. ಎಷ್ಟು ಹೊತ್ತು ಅಂತೀರಿ, ಕಣ್ಣು ಮಿಟುಕಿಸುವಷ್ಟು. ಅಭ್ಯಾಸಬಲ ಅಂತ ಆಮೇಲೆ ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಇರಬಹುದು.

ಅಜ್ಜಿ ಅದನ್ನು ನೋಡಿದಳು. ನನ್ನ ತಟ್ಟೆಗೆ ಕೈ ಹಾಕಿ ಒಂದು ಚೂರು ಮುದ್ದೆ ಮುರಿದು, ನನ್ನ ಸಾರಿನಲ್ಲೇ ಅದ್ದಿ, ನನಗೆ ಕಾಣುವ ಹಾಗೆ ನುಂಗಿದಳು. ಆಮೇಲೆ ಕೈ ತೊಳೆಯಲು ಎದ್ದು ಹೋದಳು.